ಲ್ಯಾಪ್‌ಟಾಪ್ ಅವನೋ, ಅದೋ?

ಆಫೀಸಿನಲ್ಲಿ ಆಸ್ಟ್ರಿಯಾದ ಗ್ರಾಝ್‌ನವಳು ಕಾಫಿ ಮಷೀನಿನ ಹತ್ತಿರ ನಿಂತು ಕೇಳಿದ್ದು ಇಷ್ಟೇ: "ನಾನು ಕಳಿಸಿದ ಇ-ಮೇಲ್ ನೋಡಿದೆಯಾ?" ಇ-ಮೇಲ್‌ಗೆ ಮೊದಲು 'ಡಾಸ್' ಸೇರಿಸಿ ಕೇಳಿದ್ದಳು. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ: ಗಂಡಾದರೆ ಮೊದಲು 'ಡೇರ್', ಹೆಣ್ಣಾದರೆ 'ಡೀ', ನಪುಂಸಕವಾದರೆ 'ಡಾಸ್'. ಹ್ಯಾಂಬರ್ಗಿನವನು ಕಪ್‌ನಿಂದ ತಲೆ ಎತ್ತದೆ "ಡೀ ಇ-ಮೇಲ್" ಅಂದ. "ಬೈ ಉನ್ಸ್ ಡಾಸ್" ಅಂದಳು ಅವಳು. ನಮ್ಮಲ್ಲಿ ಡಾಸ್. ಅದಕ್ಕೆ ಅವನು, "ಆದ್ರೆ ನಾವೀಗ ನಿಮ್ಮಲ್ಲಿ ಇಲ್ಲವಲ್ಲ."

ಅವಳು ನಕ್ಕಳು, ಹಾಲು ಹಾಕಿಕೊಂಡಳು, ಹೋದಳು. ಅವರಿಗೆ ಮಾತು ಅಲ್ಲಿಗೆ ಮುಗಿಯಿತು. ನನಗೆ ವಾರವಿಡೀ ಮುಗಿದಿಲ್ಲ. ಟ್ರಾಮ್‌ನಲ್ಲಿ, ಅಡುಗೆಮನೆಯಲ್ಲಿ, ಎಲ್ಲಿದ್ದರೂ ಅದೇ ಎರಡು ಸಾಲು ತಲೆಯಲ್ಲಿ ಓಡುತ್ತಿವೆ. ಬೈ ಉನ್ಸ್ ಡಾಸ್. ನಾವೀಗ ನಿಮ್ಮಲ್ಲಿ ಇಲ್ಲವಲ್ಲ.

ಮೊದಲನೆಯದಾಗಿ, ಅವನು ಹೇಳಿದ್ದೇ ಸರಿಯಿಲ್ಲ. ನಮ್ಮ ಆಫೀಸು ಇರುವುದು ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಜರ್ಮನ್ನರು ವೇದದಂತೆ ನಂಬುವ ಡೂಡನ್ ನಿಘಂಟು ಇ-ಮೇಲ್‌ಗೆ 'ಡೀ' ಅನ್ನುತ್ತದೆ. ಜೊತೆಗೆ ದಕ್ಷಿಣ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ 'ಡಾಸ್' ಕೂಡ ಉಂಟು ಅಂತ ಸ್ಪಷ್ಟವಾಗಿ ಬರೆದಿದೆ. ಅಂದಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ನೆಂಟ ಯಾರು? ಉತ್ತರದ ತುದಿಯಿಂದ ಬಂದ ಅವನೇ! ಪಕ್ಕದಲ್ಲೇ ಇದೇ ಊರಿನ, ಮನೆಯಲ್ಲಿ ಇಲ್ಲಿಯ ಆಡುನುಡಿ ಸ್ವೇಬಿಯನ್ ಮಾತಾಡುವ ಒಬ್ಬ ನಿಂತಿದ್ದ. 'ಡೀ ಬುಟರ್' ಅನ್ನಬೇಕಾದ ಬೆಣ್ಣೆಗೆ ದಿನಾ 'ಡೇರ್ ಬುಟರ್' ಅನ್ನುವವನು. ಅವನೂ ತುಟಿ ಬಿಚ್ಚಲಿಲ್ಲ. ಹ್ಯಾಂಬರ್ಗಿನವನು ಒಳ್ಳೆಯವನೇ, ಕೆಲಸದಲ್ಲಿ ಸಹಾಯ ಮಾಡುತ್ತಾನೆ. ಆದರೆ ತಾನು ಆಡುವುದು ಭಾಷೆ, ಉಳಿದವರು ಆಡುವುದು ಅದರ ಬಗೆಗಳು ಅನ್ನೋ ಧಾಟಿ ಅವನಲ್ಲಿದೆ. ಅಂಥವರು ನಮ್ಮ ಕಡೆಯೂ ಜಾಸ್ತಿ ಇದ್ದಾರೆ ಬಿಡಿ.

ಈ ಕಿರಿಕಿರಿಗೆ ಇನ್ನೊಂದು ಕಾರಣವಿದೆ. ಅದೇ ವಾರ ಸಂಜೆಯ ಜರ್ಮನ್ ತರಗತಿಯಲ್ಲಿ ನನ್ನ ಪತ್ರ ತಿದ್ದಿ ಬಂದಿತ್ತು. ಪರೀಕ್ಷೆಗೆ ತಯಾರಿ ಮಾಡಿದವರಿಗೆ ಈ ಪತ್ರ ಗೊತ್ತಿರುತ್ತದೆ: ಆನ್‌ಲೈನ್‌ನಲ್ಲಿ ಏನೋ ತರಿಸಿದ್ದೀರಿ, ಅದು ಕೆಟ್ಟಿದೆ, ಅಂಗಡಿಯವರಿಗೆ ದೂರು ಬರೆಯಿರಿ. ನಾನು ಲ್ಯಾಪ್‌ಟಾಪ್ ತರಿಸಿದ್ದೆ. "ಡಾಸ್ ಲ್ಯಾಪ್‌ಟಾಪ್" ಅಂತ ಶುರು ಮಾಡಿದ್ದೆ. ಟೀಚರ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಡೇರ್' ಮಾಡಿದ್ದರು. ಒಂದು ಗೆರೆಗೆ ಇದು ನಿಲ್ಲುವುದಿಲ್ಲ. 'ನಾನು ತರಿಸಿದ ಲ್ಯಾಪ್‌ಟಾಪ್' ಅನ್ನುವಲ್ಲಿ ಬರುವ ಇನ್ನೊಂದು 'ಡಾಸ್' ಈಗ 'ಡೇನ್' ಆಗಬೇಕು. 'ಅದನ್ನು ವಾಪಸ್ ಕಳಿಸುತ್ತೇನೆ' ಅನ್ನುವಲ್ಲಿನ 'ಎಸ್' ಈಗ 'ಈನ್' ಆಗಬೇಕು, ಅಂದರೆ 'ಅವನನ್ನು'. ಲಿಂಗ ಒಂದು ಬದಲಾದರೆ ಪತ್ರದ ಕೊನೆಯವರೆಗೂ ಕೆಂಪು.

ಆದರೆ ಲ್ಯಾಪ್‌ಟಾಪ್‌ಗೆ ಎರಡೂ ನಡೆಯುತ್ತದೆ. 'ಡೇರ್ ಅಥವಾ ಡಾಸ್' ಅಂತ ಅದೇ ಡೂಡನ್‌ನಲ್ಲಿದೆ. ಫೋನ್ ತೆಗೆದು ತೋರಿಸಿದೆ. ಟೀಚರ್ ಕನ್ನಡಕ ಏರಿಸಿ ಓದಿದರು. "ಇರಬಹುದು, ಆದರೆ ಕಿವಿಗೆ ಸರಿಯಾಗಿ ಕೇಳಲ್ಲ. ಪರೀಕ್ಷೆಯಲ್ಲಿ ನೀವು ಡೇರ್ ಅಂತಲೇ ಬರೀರಿ" ಅಂದರು. ಕೆಂಪು ಗೆರೆ ಹಾಗೇ ಉಳಿಯಿತು. ಒಳ್ಳೆಯ ಟೀಚರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ಕಿವಿ ಅಂತ ಕೇಳಬೇಕು ಅನಿಸಿತು.

ಕಂಪ್ಯೂಟರ್ ಶಬ್ದಗಳ ಮಟ್ಟಿಗೆ ಈ ಭಾಷೆ ಅಷ್ಟೇನೂ ಹುಚ್ಚಲ್ಲ. ಫೈಲ್‌ಗೆ ಅವರು 'ಡಟೈ' ಅನ್ನುತ್ತಾರೆ. 'ಡಾಟನ್' ಅಂದರೆ ಮಾಹಿತಿ, 'ಕಾರ್ಟೈ' ಅಂದರೆ ಹಳೇ ಆಫೀಸುಗಳ ಕಾರ್ಡುಪೆಟ್ಟಿಗೆ. ಎರಡನ್ನೂ ಬೆಸೆದು ಮಾಡಿದ ಶಬ್ದ. ಕಾರ್ಟೈ ಸ್ತ್ರೀಲಿಂಗ, ಹಾಗಾಗಿ ಡಟೈಯೂ ಸ್ತ್ರೀಲಿಂಗ. ಪಾಸ್‌ವರ್ಡ್ ನಪುಂಸಕ, ಯಾಕೆಂದರೆ ಕೊನೆಯಲ್ಲಿರುವ 'ವೋರ್ಟ್' ನಪುಂಸಕ. ಸರ್ವರ್, ಬ್ರೌಸರ್, ರೌಟರ್ ಎಲ್ಲಾ ಗಂಡಸರು, 'ಅರ್' ಅಂತ ಮುಗಿಯುತ್ತವಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ಅನ್ನೋದಕ್ಕಿಂತ 'ರೆಶ್ನರ್' ಅನ್ನೋದೇ ಜಾಸ್ತಿ. ಲೆಕ್ಕ ಮಾಡುವವನು. ಅವನೂ ಗಂಡಸು. ಅವನು ಕೈಕೊಟ್ಟರೆ "ರೆಶ್ನರ್ ನೇಣು ಹಾಕಿಕೊಂಡ" ಅಂತ ಆರಾಮಾಗಿ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಗಾಬರಿಯಾಗುತ್ತದೆ. ನಮ್ಮ ಕಡೆ 'ಸಿಸ್ಟಂ ಹ್ಯಾಂಗ್ ಆಯ್ತು' ಅಂತ ಮುಗಿಸುವುದನ್ನು ಇವರು ಒಂದು ಸಾವಿನ ಮಟ್ಟಕ್ಕೆ ಒಯ್ಯುತ್ತಾರೆ!

ಕಷ್ಟ ಇರುವುದು ಇಂಗ್ಲಿಷಿನಿಂದ ನೇರವಾಗಿ ಬಂದು ಕೂತ ಶಬ್ದಗಳಲ್ಲಿ. ಇ-ಮೇಲ್, ಬ್ಲಾಗ್, ಲ್ಯಾಪ್‌ಟಾಪ್. ಇವು ಬಂದಾಗ ಲಿಂಗ ಹೊತ್ತು ತರಲಿಲ್ಲ. ಇಲ್ಲಿಯ ಜನ ಬಾಯಿಗೆ ಬಂದದ್ದನ್ನು ಹಚ್ಚಿದರು. ಬ್ಲಾಗ್‌ಗೂ ಎರಡು ಲಿಂಗ. ವೈರಸ್‌ನ ಕಥೆ ಇನ್ನೂ ಚೆಂದ. ಡಾಕ್ಟರ ಬಾಯಲ್ಲಿ ಅದು 'ಡಾಸ್', ಕಂಪ್ಯೂಟರಿಗೆ ಹತ್ತಿದರೆ ಸಾಮಾನ್ಯವಾಗಿ 'ಡೇರ್'.

ಗ್ರಾಝ್‌ನವಳು ನನ್ನ ಪಕ್ಷ ಅಂದುಕೊಂಡು ಕೆಂಪು ಗೆರೆಯ ಕಥೆ ಹೇಳಿದೆ. ಅವಳು ಮುಖ ಸಿಂಡರಿಸಿ, "ಡಾಸ್ ಲ್ಯಾಪ್‌ಟಾಪಾ? ಅಯ್ಯೋ, ಇಲ್ಲ. ಡೇರ್" ಅಂದಳು. ಮುಗಿಯಿತು. ಅವಳ 'ಡಾಸ್'ಗೆ ಒಂದು ದೇಶ ಇದೆ, ನನ್ನದಕ್ಕೆ ನಿಘಂಟು ಮಾತ್ರ ಇದೆ.

ಆಗ ನೆನಪಾದದ್ದು ಬೆಂಗಳೂರಿನ ಹಾಸ್ಟೆಲ್. ನಾವು ಶಿರಸಿ ಕಡೆ ಹವ್ಯಕರು. ನಮ್ಮ ಮಾತಿನಲ್ಲಿ ಹೆಂಗಸರಿಗೆ 'ಬಂದಳು, ಹೋದಳು' ಇಲ್ಲ. ಆಯಿ ಬಂತು, ಅಕ್ಕ ಹೋತು. ಅದರಲ್ಲಿ ಅಗೌರವ ಏನೂ ಇಲ್ಲ, ಮಾತೇ ಹಾಗೆ. ಜರ್ಮನ್‌ನಲ್ಲಿ ಹುಡುಗಿ ಅನ್ನುವ ಶಬ್ದ ನಪುಂಸಕಲಿಂಗ ಅಂತ ಗೊತ್ತಾದಾಗ ತರಗತಿಯಲ್ಲಿ ಎಲ್ಲರೂ ಹುಬ್ಬೇರಿಸಿದರು, ನನಗೆ ಮನೆಗೆ ಹೋದಂತಾಯಿತು. ಹಾಸ್ಟೆಲಿನಲ್ಲಿ ಫೋನ್ ಇಟ್ಟು "ಆಯಿ ನಾಡಿದ್ದು ಬತ್ತು" ಅಂದೆ. ರೂಮ್‌ಮೇಟ್ ಮಂಚದ ಮೇಲೆ ಹೊರಳಾಡಿ ನಕ್ಕಳು. "ನಿಮ್ಮಮ್ಮ ಏನು ಬಸ್ಸಾ, ಬತ್ತು ಅನ್ನೋಕೆ?" ನಾನು ಹೇಳಿದ್ದೂ ಇದೇ ಮಾತು: "ನಮ್ಮಲ್ಲಿ ಹಾಗೇ." ಅವಳು ಹೇಳಿದ್ದೂ ಅದೇ: "ಇದು ನಿಮ್ಮೂರಲ್ಲಮ್ಮ." ಸಿಟ್ಟು ಬಂದಿತ್ತು, ಆದರೆ ಹೆದರಿಕೆ ಆಗಲಿಲ್ಲ. ಹಿಂದೆ ಒಂದು ಊರಿತ್ತು. ಹಾಗೆ ಮಾತಾಡುವ ಅಜ್ಜ, ಅಜ್ಜಿ, ಅಡಿಕೆ ವ್ಯಾಪಾರಿಗಳು, ಪುರೋಹಿತರು ಎಲ್ಲ ಇದ್ದರು. ನಾನು ತಪ್ಪಾಗಿರಲು ಸಾಧ್ಯವೇ ಇರಲಿಲ್ಲ.

ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸದಲ್ಲಿ ಲಖನೌದ ಹುಡುಗಿಯೊಬ್ಬಳು ಇದ್ದಳು. ಹಟ ಹಿಡಿದು ಕನ್ನಡ ಕಲಿಯುತ್ತಿದ್ದಳು. ಒಂದಿನ ಮೀಟಿಂಗ್‌ನಲ್ಲಿ "ಫೈಲ್ ಬಂದಳು" ಅಂದಳು. ಹಿಂದಿಯಲ್ಲಿ ಫೈಲ್ ಸ್ತ್ರೀಲಿಂಗ, ಅವಳ ಲೆಕ್ಕ ಸರಿಯಾಗಿಯೇ ಇತ್ತು. (ಜರ್ಮನ್ನರ ಡಟೈ ಕೂಡ ಹೆಣ್ಣೇ. ಅವಳು ಇಲ್ಲಿಗೆ ಬಂದಿದ್ದರೆ ಒಂದು ಶಬ್ದದ ಕಷ್ಟ ತಪ್ಪುತ್ತಿತ್ತು.) ಟೀಮಿನವರಿಗೆ ಅದು ತಿಂಗಳುಗಟ್ಟಲೆ ತಮಾಷೆ. "ಫೈಲಮ್ಮ ಬಂದ್ರಾ?" "ಎಕ್ಸೆಲ್ ಅಕ್ಕ ಸಿಟ್ಟಾಗಿದ್ದಾರೆ." ಕೆಟ್ಟ ಮನಸ್ಸಿನವರಲ್ಲ ಅವರು, ಊಟಕ್ಕೆ ಅವಳನ್ನು ಬಿಟ್ಟು ಹೋದವರಲ್ಲ. ಅವಳೂ ನಗುತ್ತಿದ್ದಳು. ಆಮೇಲೆ ಮೀಟಿಂಗ್‌ನಲ್ಲಿ ಕನ್ನಡ ಮಾತಾಡುವುದನ್ನೇ ಬಿಟ್ಟಳು. ಅವಳಿಗೆ 'ನಮ್ಮಲ್ಲಿ ಹಾಗೇ' ಅನ್ನುವ ದಾರಿ ಇರಲಿಲ್ಲ. ಅದನ್ನು ಹೇಳಲು ಆ ಭಾಷೆಯೊಳಗೆ ಒಂದು ಜಾಗ ಬೇಕು, ಅಲ್ವಾ? ಹುಟ್ಟಿದವರಿಗೆ ಅದು ಪುಕ್ಕಟೆ ಸಿಗುತ್ತದೆ. ಅವರು ಬೇರೆ ಥರ ಆಡಿದರೆ ಪ್ರಾದೇಶಿಕ ಸೊಗಡು. ಕಲಿತವರು ಆಡಿದರೆ ಕೆಂಪು ಶಾಯಿ. ಹತ್ತು ವರ್ಷ ಇದ್ದರೂ, ತೆರಿಗೆ ಕಟ್ಟಿದರೂ, ಬಿ1 ಮಟ್ಟದ ಭಾಷಾ ಪರೀಕ್ಷೆ ಪಾಸಾಗಿ ಪಾಸ್‌ಪೋರ್ಟೇ ಬದಲಾದರೂ 'ಬೈ ಉನ್ಸ್' ಅನ್ನುವುದು ಯಾವಾಗಿನಿಂದ ಅಂತ ಯಾವ ಕಚೇರಿಯೂ ಹೇಳುವುದಿಲ್ಲ.

ತರಗತಿಯಲ್ಲಿ ನನ್ನ ಪಕ್ಕ ಕೂರುವ ಸಿರಿಯಾದವರು ಇದನ್ನೆಲ್ಲ ತಲೆಗೆ ಹಚ್ಚಿಕೊಂಡಿಲ್ಲ. ಅಲೆಪ್ಪೋದಲ್ಲಿ ಮೇಷ್ಟ್ರಾಗಿದ್ದವರು, ಇಲ್ಲಿ ಗೋದಾಮಿನಲ್ಲಿ ಕೆಲಸ. ನನ್ನ ಪತ್ರದ ಕೆಂಪು ನೋಡಿ ಪೆನ್ಸಿಲ್ ತೆಗೆದರು. 'ಮೈನ್ ಲ್ಯಾಪ್‌ಟಾಪ್' ಅಂತ ಶುರು ಮಾಡಿ ಅಂದರು. ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ. ಡೇರ್ ಆದರೂ 'ಮೈನ್', ಡಾಸ್ ಆದರೂ 'ಮೈನ್', ಯಾರಿಗೂ ಗೊತ್ತಾಗಲ್ಲ. 'ಲ್ಯಾಪ್‌ಟಾಪಿನಿಂದ' ಅನ್ನಬೇಕಾದರೆ ಎರಡಕ್ಕೂ 'ಡೇಮ್', ಅಲ್ಲೂ ಸಿಕ್ಕಿಬೀಳಲ್ಲ. ಎರಡನೇ ಸಾಲಿನಿಂದ ಲ್ಯಾಪ್‌ಟಾಪ್ ಅನ್ನುವ ಶಬ್ದವನ್ನೇ ಬಿಟ್ಟುಬಿಡಿ. 'ಡಾಸ್ ಗೆರೇಟ್' ಅನ್ನಿ, ಅಂದರೆ ಉಪಕರಣ. ಅದರ ಲಿಂಗದ ಬಗ್ಗೆ ಇಡೀ ದೇಶಕ್ಕೆ ಒಂದೇ ಅಭಿಪ್ರಾಯ.

ಪತ್ರ ಹಾಗೇ ತಿದ್ದಿ ಕೊಟ್ಟಿದ್ದೇನೆ. ಪರೀಕ್ಷೆ ಮುಂದಿನ ತಿಂಗಳು.