ಚಿಕ್ಕಮ್ಮನ ಕೆಂಪು ಔಷಧಿ

ಇವತ್ತು ಚಿಕ್ಕಮ್ಮನಿಗೆ ಮೂರನೇ ಸಲ ಡ್ರಿಪ್ ಹಾಕಿದರು. ಅಂಡಾಶಯದ ಕ್ಯಾನ್ಸರ್ ಮತ್ತೆ ಬಂದಿದೆ. ತಿಳಿ ಕೆಂಪು ಔಷಧಿ. ಡಾಕ್ಸೊರುಬಿಸಿನ್ ಅನ್ನುವ ಈ ಕ್ಯಾನ್ಸರ್ ಔಷಧಿ ಹಳೆಯದೇ, ಆದರೆ ಇದನ್ನು ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ ತುಂಬಿರುತ್ತಾರೆ. ಲೈಪೋಸೋಮ್ ಅಂತಾರೆ. ಒಂದೊಂದೂ ಸುಮಾರು 100 ನ್ಯಾನೋಮೀಟರ್, ಕೂದಲಿನ ದಪ್ಪದಲ್ಲಿ ಹೆಚ್ಚುಕಮ್ಮಿ ಸಾವಿರದ ಒಂದು ಪಾಲು! ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದಿರುತ್ತವೆ, ಸಂದಿಗಳು ಜಾಸ್ತಿ. ಗುಳ್ಳೆಗಳು ಅಲ್ಲಿಂದಲೇ ಒಳಗೆ ನುಸುಳಲಿ ಅನ್ನುವುದು ಲೆಕ್ಕ. ಬರೀ ಔಷಧಿಗಿಂತ ಹೃದಯಕ್ಕೆ ಪೆಟ್ಟೂ ಕಡಿಮೆ. ಅಮೆರಿಕದಲ್ಲಿ 1999ರಲ್ಲೇ ಈ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತ್ತಂತೆ.

ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿಯುತ್ತವೆ. ಔಷಧಿಯ ಆ ಪುಟ್ಟ ಗುಳ್ಳೆಗಳು ಚರ್ಮಕ್ಕೂ ಹೋಗುತ್ತವೆ, ಅಲ್ವಾ. ಬಿಸಿ ತಾಗಿಸಬೇಡಿ ಅಂದಿದ್ದಾರೆ. ಕುಂದವಾಡ ಕೆರೆಗೆ ಬೆಳಗಿನ ವಾಕಿಂಗ್ ನಿಂತಿದೆ. ದಿನಾ ಇಡೀ ಮನೆಗೆ ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಅದು. ದಾವಣಗೆರೆಯ ಈ ಬಿಸಿಲಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ಸುಮ್ನೆ ಕೂತಿರುವುದನ್ನು ನೋಡಿದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ರಾತ್ರಿ ಅವರೇ ಕರೆದರು. "ಬಾ, ನೀ ಬಡಿ. ನಾ ಹೇಳ್ತೀನಿ."

ಬಡಿದೆ. ಅಂಚು ಸೀಳಿತು. "ನೀರು ಇನ್ನೊಂಚೂರು ಕಾಯಬೇಕಿತ್ತು ನೋಡು" ಅಂದರು. ಆಮೇಲೆ ಬೆಣ್ಣೆ ಹಚ್ಚಿಸಿಕೊಂಡು ಎರಡು ರೊಟ್ಟಿ ತಿಂದರು.