ಏಕಾದಶಿಗೆ ಮುಂಚಿನ ಪುಷ್ಕರ

ರಾಜಸ್ಥಾನದ ಪುಷ್ಕರದ ಒಂಟೆ ಜಾತ್ರೆ ನೋಡಲೇಬೇಕೆಂದು ಹುಣ್ಣಿಮೆಯ ದಿನಕ್ಕೆ ಟಿಕೆಟ್ ಮಾಡಿಸುವವರೇ ಹೆಚ್ಚು. ಅವರು ಬಂದಿಳಿಯುವ ಹೊತ್ತಿಗೆ ಒಂಟೆಗಳಲ್ಲಿ ಬಹುಪಾಲು ಹೊರಟುಹೋಗಿರುತ್ತವೆ. ಕಾರ್ತೀಕ ಶುದ್ಧ ಏಕಾದಶಿಯಿಂದ ಹುಣ್ಣಿಮೆವರೆಗಿನ ಐದು ದಿನ ಸರೋವರದ ಸ್ನಾನಕ್ಕೆ ಮೀಸಲು. ಒಂಟೆ, ಕುದುರೆ, ದನಗಳ ವ್ಯಾಪಾರ ಬಲಿಪಾಡ್ಯಮಿಯ ಆಸುಪಾಸಿನಲ್ಲೇ ಶುರುವಾಗುತ್ತದೆ. ನಮ್ಮ ಕಡೆ ತುಳಸಿ ಹಬ್ಬಕ್ಕೆ ನೆಲ್ಲಿಕೊಂಬೆ ತರುವ ಹೊತ್ತಿಗೆ ಅಲ್ಲಿ ಗೂಟಗಳನ್ನು ಕಿತ್ತು ಕಟ್ಟಿಕೊಳ್ಳುತ್ತಿರುತ್ತಾರೆ. ಜಾತ್ರೆಯನ್ನು ಜಾತ್ರೆಯಾಗಿ ನೋಡಬೇಕೆಂದರೆ ಪಂಚಮಿ, ಷಷ್ಠಿಯ ಹೊತ್ತಿಗೆ ಅಲ್ಲಿರಬೇಕು. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಪಂಚಮಿಯ ದಿನದ ಬಗ್ಗೆ.

ಅಜ್ಮೇರಿನಿಂದ ನಾಗ್ ಪಹಾಡ್ ಬೆಟ್ಟ ಹತ್ತಿಳಿದರೆ ಪುಷ್ಕರ. ಬಸ್ಸಿಗೆ ಅರ್ಧ ಗಂಟೆಯ ದಾರಿ. ಊರಿನ ಅಂಚಿನ ಮರಳು ದಿಬ್ಬಗಳಲ್ಲಿ ಬೆಳಗಿನ ಜಾವಕ್ಕೆ ಚಳಿ ಕೊರೆಯುತ್ತದೆ. ಒಂಟೆಯ ಹಿಕ್ಕೆಯನ್ನೇ ಒಣಗಿಸಿ ಉರಿ ಹಾಕಿ ಚಹಾ ಕಾಯಿಸುತ್ತಿರುತ್ತಾರೆ. ಒಂಟೆ ಸಾಕುವ ರಾಯ್ಕಾ ಸಮುದಾಯದವರು ಮಂದೆಯನ್ನು ಹಲವು ದಿನ ನಡೆಸಿಕೊಂಡು ಬರುವುದು ವಾಡಿಕೆ. ಲಾರಿಯಲ್ಲಿ ತಂದ ಒಂಟೆಗೆ ಕಾಲು ಉಳುಕುವುದು, ಎದೆಯಡಿಯ ಗಟ್ಟಿ ಚರ್ಮ ಸವೆದು ಹುಣ್ಣಾಗುವುದು ಇದ್ದದ್ದೇ. ನಡೆದು ಬಂದ ಒಂಟೆಯ ಆರೋಗ್ಯಕ್ಕೆ ಆ ನಡಿಗೆಯೇ ಸಾಕ್ಷಿ.

ಮೇವು ಒಂದೇ ಬಗೆಯದಲ್ಲ. ಗೋರಿಕಾಯಿಯ ಒಣ ಹೊಟ್ಟು, ಮಡಿಕೆ ಕಾಳಿನ ಹೊಟ್ಟು, ಕಡಲೆ ಹೊಟ್ಟು, ಅದರ ಮೇಲೆ ಖೇಜ್ಡಿಯ ಒಣಗಿಸಿದ ಎಲೆ. ಖೇಜ್ಡಿ ನಮಗೆ ಹೊಸ ಮರವಲ್ಲ, ವಿಜಯದಶಮಿಗೆ ಎಲೆ ಹಂಚಿಕೊಳ್ಳುವ ಬನ್ನಿಯೇ. ಥಾರ್ ಮರುಭೂಮಿಯಲ್ಲಿ ಅದರ ಎಲೆ ದನಕ್ಕೆ, ಕಾಯಿ ಅಡುಗೆಗೆ, ಕೊಂಬೆ ಬೇಲಿಗೆ. ನೀರು ಕುಡಿಸಲು ಕಲ್ಲಿನ ತೊಟ್ಟಿಗಳಿವೆ. ಬಾಯಾರಿದ ಒಂಟೆ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಎಳೆದುಬಿಡಬಲ್ಲದು. ಅದಕ್ಕೇ ತಿಳಿದವರು ನೀರು ಕುಡಿಸಿದ ತಕ್ಷಣ ಒಂಟೆಯ ಮೈಕಟ್ಟು ನೋಡುವುದಿಲ್ಲ. ಒಳಸೇರಿದ ಹೊಟ್ಟೆಯೂ ಆಗ ತುಂಬಿ ಕಾಣುತ್ತದೆ.

ಬಿಸಿಲೇರಿದ ಮೇಲೆ ವ್ಯಾಪಾರ ಬಿಸಿಯಾಗುತ್ತದೆ. ಮೊದಲು ಹಲ್ಲು. ನಮ್ಮ ದನದ ಜಾತ್ರೆಗಳಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅನ್ನುತ್ತೇವಲ್ಲ, ಲೆಕ್ಕ ಅದೇ, ವಯಸ್ಸು ಮಾತ್ರ ಬೇರೆ. ಒಂಟೆಗೆ ಕೆಳದವಡೆಯ ನಡುವಿನ ಮೊದಲ ಜೋಡಿ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರುವುದು ಐದನೆಯ ವರ್ಷದ ಸುಮಾರಿಗೆ, ಎರಡನೆಯ ಜೋಡಿ ಆರಕ್ಕೆ, ಮೂರನೆಯದು ಏಳಕ್ಕೆ. ಕೋರೆಹಲ್ಲೂ ಬಂದು ಬಾಯಿ ಕೂಡಿದ ಮೇಲೆ ಹಲ್ಲಿನ ಸವೆತವೊಂದೇ ಆಧಾರ. ಆದರೆ ಮರಳು ಮಿಶ್ರಿತ ಮೇವು ತಿಂದ ಒಂಟೆಯ ಹಲ್ಲು ಬೇಗ ಸವೆಯುವುದರಿಂದ ಅಲ್ಲಿ ಮೋಸ ಹೋಗುವುದು ಸುಲಭ.

ಆಮೇಲೆ ಮೂಗು. ಒಂಟೆಗೆ ಹಗ್ಗವನ್ನು ನೇರವಾಗಿ ಮೂಗಿಗೆ ಪೋಣಿಸುವುದಿಲ್ಲ. ಹೊಳ್ಳೆಯ ಮಾಂಸದಲ್ಲಿ ತೂತು ಮಾಡಿ ಮರದ ಸಣ್ಣ ಗೂಟ ಕೂರಿಸುತ್ತಾರೆ, ಅದೇ ಗಿರ್ಬಾಣ್. ಅದಕ್ಕೆ ಕಟ್ಟುವ ಹಗ್ಗ ಮೋರಿ. ಪಳಗಿಸುವ ವಯಸ್ಸಿಗೆ, ಅಂದರೆ ಮೂರರ ಆಸುಪಾಸಿನಲ್ಲಿ, ಈ ಕೆಲಸ. ತೂತು ಹೊಳ್ಳೆಯ ಅಂಚಿಗೆ ಹತ್ತಿರ ಬಿದ್ದರೆ ಮುಂದೊಂದು ದಿನ ಜಗ್ಗಿದಾಗ ಹರಿಯುತ್ತದೆ. ಗಾಯ ಮಾಯುವ ಮುಂಚೆ ಹಗ್ಗ ಕಟ್ಟಿದರೂ ಅಷ್ಟೇ. ಹರಿದು ಕೂಡಿಕೊಂಡ ಹೊಳ್ಳೆ ಕಂಡರೆ ಆ ಪ್ರಾಣಿಯನ್ನು ಒರಟಾಗಿ ಪಳಗಿಸಿದ್ದಾರೆ ಎಂದು ತಿಳಿಯಬೇಕು. ಅಂಥ ಒಂಟೆ ಮನುಷ್ಯನ ಕೈ ಕಂಡರೆ ತಲೆ ಹಿಂದಕ್ಕೆಳೆಯುತ್ತದೆ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಬಿಟ್ಟು ಮುಂದೆ ಹೋಗುವುದು ಮೇಲು.

ಮೂರನೆಯದು ಚರ್ಮ. ಜಾತ್ರೆಗೆ ಬರುವ ಒಂಟೆಗಳ ಮೈತುಂಬ ಕೂದಲನ್ನು ಕತ್ತರಿಯಿಂದ ಕತ್ತರಿಸಿ ಹೂಬಳ್ಳಿ, ನವಿಲು ಮೂಡಿಸಿರುತ್ತಾರೆ, ಕುತ್ತಿಗೆಗೆ ಕವಡೆ, ಮಣಿ, ಬಣ್ಣದ ನೂಲಿನ ಗೋರಬಂದ್ ಕಟ್ಟಿರುತ್ತಾರೆ. ಅದನ್ನು ನೋಡುತ್ತ ನಿಲ್ಲದೆ ತೊಡೆಸಂದು, ಮುಂಗಾಲ ಕಂಕುಳು, ದವಡೆಯ ಕೆಳಭಾಗ ನೋಡಬೇಕು. ಕಜ್ಜಿ ಶುರುವಾಗುವುದು ಅಲ್ಲಿ. ಕೂದಲುದುರಿ ಚರ್ಮ ದಪ್ಪಗಾಗಿ ಸುಕ್ಕುಗಟ್ಟಿದ್ದರೆ, ಅದರ ಮೇಲೆ ಸಾಸಿವೆ ಎಣ್ಣೆ ಹೊಸದಾಗಿ ಹಚ್ಚಿದ್ದರೆ, ಮಂದೆಯ ಉಳಿದ ಒಂಟೆಗಳಿಗೂ ತಗಲಿರುತ್ತದೆ. ಕಜ್ಜಿಯನ್ನು ಹರಡುವ ಹುಳು ಮುಟ್ಟುವ ಮನುಷ್ಯರಿಗೂ ಅಂಟೀತು.

ಇದಕ್ಕಿಂತ ಕೆಟ್ಟದ್ದು ತಿಬರ್ಸಾ, ರಕ್ತದಲ್ಲಿ ಸೇರಿಕೊಳ್ಳುವ ಪರೋಪಜೀವಿಯಿಂದ ಬರುವ ಕಾಯಿಲೆ. ಮಳೆಗಾಲದ ನಂತರ ಹೆಚ್ಚುವ ಕುರುಡುನೊಣಗಳು ಒಂದು ಒಂಟೆಯ ರಕ್ತದಿಂದ ಇನ್ನೊಂದಕ್ಕೆ ಈ ಪರೋಪಜೀವಿಯನ್ನು ಸಾಗಿಸುತ್ತವೆ. ಜ್ವರ ಬಂದು ಬಿಡುತ್ತದೆ, ಮತ್ತೆ ಬರುತ್ತದೆ. ಡುಬ್ಬ ಕರಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಒಂಟೆ ವರ್ಷಗಟ್ಟಲೆ ಸೊರಗುತ್ತದೆ. ಇದನ್ನು ಗುರುತಿಸಲು ರಾಯ್ಕಾ ಹಿರಿಯರು ಮಾಡುವ ಪರೀಕ್ಷೆಯೊಂದಿದೆ. ಒಂಟೆ ಮೂತ್ರ ಮಾಡಿದ ಜಾಗದ ಒದ್ದೆ ಮರಳನ್ನು ಉಂಡೆ ಕಟ್ಟಿ ಮೂಗಿಗೆ ಹಿಡಿದು ವಾಸನೆ ನೋಡುತ್ತಾರೆ. ರಕ್ತಪರೀಕ್ಷೆಯೇ ಗಟ್ಟಿ ದಾರಿ, ಚುಚ್ಚುಮದ್ದೂ ಇದೆ, ಆದರೂ ಸಾವಿರಾರು ಒಂಟೆಗಳನ್ನು ಕಂಡ ಆ ಮೂಗನ್ನು ಹಗುರವಾಗಿ ಕಾಣುವಂತಿಲ್ಲ.

ಕೊನೆಗೆ ನಡಿಗೆ. ಮರಳಲ್ಲಿ ನಡೆಸಿ ನೋಡಿದರೆ ಸಾಲದು, ಎಲ್ಲ ಒಂಟೆಯೂ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಕಲ್ಲುನೆಲಕ್ಕೆ ಕರೆತಂದಾಗ ತೆಳು ಪಾದದ್ದು ಕುಂಟುತ್ತದೆ. ಮುಂಗಾಲು ಎತ್ತಿಡುವಾಗ ಮೊಣಕೈ ಎದೆಯಡಿಯ ಗಟ್ಟಿ ಚರ್ಮಕ್ಕೆ ಉಜ್ಜುತ್ತದೆಯೇ ಎಂದು ಬದಿಯಿಂದ ಬಗ್ಗಿ ನೋಡಬೇಕು. ಉಜ್ಜಿದರೆ ಗಾಡಿಗೆ ಹೂಡಿದ ಕೆಲವೇ ದಿನಗಳಲ್ಲಿ ಹುಣ್ಣು. ಹಳೇ ವಿಮಾನದ ಟೈರು ಹಾಕಿದ ಆ ಗಾಡಿಗಳಲ್ಲಿ ಒಂದು ಟನ್ನಿಗೂ ಮೀರಿ ಹೇರುತ್ತಾರೆ. ಸವಾರಿಗಾದರೆ ಜೈಸಲ್ಮೇರಿ ತಳಿಯ ತೆಳ್ಳನೆಯ ಉದ್ದ ಕಾಲಿನದು, ಗಾಡಿಗಾದರೆ ಬೀಕಾನೇರಿಯ ಭಾರೀ ಮೈಯದು. ಸುಮ್ಮನೆ ಒಂದು ಸುತ್ತು ಹೋಗಿಬರುವವರಿಗೂ ಒಂದು ಮಾತು: ಒಂಟೆ ಏಳುವಾಗ ಹಿಂಗಾಲು ಮೊದಲು ನೆಟ್ಟಗಾಗುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ. ಎರಡು ಸಲವೂ ಮುಂದಕ್ಕೆ ಮುಗ್ಗರಿಸುತ್ತೀರಿ, ಹಿಂದಕ್ಕೆ ವಾಲಿ ಕೂತಿರಿ. ಬಾಯಲ್ಲಿ ನೊರೆ ಕಟ್ಟಿ ಗಳಗಳ ಸದ್ದು ಮಾಡುತ್ತ ಗಂಟಲಿನಿಂದ ಕೆಂಪು ಚೀಲದಂಥದ್ದನ್ನು ಹೊರಹಾಕುವ ಗಂಡೊಂಟೆ ಮದಕ್ಕೆ ಬಂದದ್ದು. ಕಾರ್ತೀಕದ ಚಳಿಗೆ ಅದು ಶುರು. ಫೋಟೋಕ್ಕೆಂದು ಅದರ ಮುಖದೆದುರು ಹೋಗಬೇಡಿ, ಕಚ್ಚಿದರೆ ಮೂಳೆ ಮುರಿಯುತ್ತದೆ.

ಬೆಲೆ ಕುದುರುವುದು ಬಟ್ಟೆಯ ಮರೆಯಲ್ಲಿ. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ದಲ್ಲಾಳಿಗಳು ಬೆರಳು ಹಿಡಿಯುವುದನ್ನು ಕಂಡವರಿಗೆ ಇದು ಅರ್ಥವಾದೀತು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಅಂಕಿ ಇಬ್ಬರಿಗೆ ಮಾತ್ರ ಗೊತ್ತು. ಸಂಚಕಾರದ ಹಣ ಕೈಗೆ ಬಿದ್ದ ಮೇಲೆ ಪಶುಸಂಗೋಪನಾ ಇಲಾಖೆಯ ಚೌಕಿಗೆ ಹೋಗಿ ಮಾರಾಟದ ಚೀಟಿ ಬರೆಸಿ ರವನ್ನಾ, ಅಂದರೆ ಸಾಗಣೆಯ ಪರವಾನಗಿ, ಪಡೆಯಬೇಕು. ರವನ್ನಾ ಇಲ್ಲದೆ ಪ್ರಾಣಿ ಮೈದಾನದಿಂದ ಹೊರಡುವಂತಿಲ್ಲ. ಚೀಟಿಯಲ್ಲಿ ಬಣ್ಣ, ವಯಸ್ಸು, ಕಾದ ಕಬ್ಬಿಣದ ಮುದ್ರೆಯ ಗುರುತು ಸರಿಯಾಗಿ ಬಿದ್ದಿದೆಯೇ ಎಂದು ಅಲ್ಲೇ ಓದಿಸಿಕೊಳ್ಳಿ. ದಾರಿಯಲ್ಲಿ ತಡೆದವರು ಮೊದಲು ನೋಡುವುದು ಅದನ್ನೇ.

ಇಷ್ಟೆಲ್ಲ ವಿದ್ಯೆ ಇರುವ ಮೈದಾನದಲ್ಲಿ ಒಂಟೆಗಳೇ ಕಡಿಮೆಯಾಗುತ್ತಿವೆ. ದೇಶದಲ್ಲಿ 2012ರ ಗಣತಿಯಲ್ಲಿ ನಾಲ್ಕು ಲಕ್ಷವಿದ್ದದ್ದು 2019ಕ್ಕೆ ಎರಡೂವರೆ ಲಕ್ಷಕ್ಕೆ ಇಳಿಯಿತು. ಟ್ರ್ಯಾಕ್ಟರ್ ಬಂತು, ಗೋಮಾಳಕ್ಕೆ ಬೇಲಿ ಬಿತ್ತು, ಇವೆಲ್ಲ ಹಳೆಯ ಕಾರಣ. 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯ ಪ್ರಾಣಿ ಎಂದು ಸಾರಿತು, 2015ರ ಕಾಯ್ದೆ ವಧೆಯನ್ನು ನಿಷೇಧಿಸಿ ಹೊರರಾಜ್ಯಕ್ಕೆ ಸಾಗಿಸುವುದಕ್ಕೂ ಕಡಿವಾಣ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಹೊರಗಿನ ಗಿರಾಕಿ ತಪ್ಪಿದ್ದರಿಂದ ಗಂಡೊಂಟೆಯ ಬೆಲೆ ಕುಸಿಯಿತು. ಹೆಣ್ಣೊಂಟೆ ಹದಿಮೂರು ತಿಂಗಳು ಗಬ್ಬ ಹೊತ್ತು ಒಂದೇ ಮರಿ ಹಾಕುತ್ತದೆ. ಆ ಮರಿಯನ್ನು ಮೂರು ವರ್ಷ ಮೇಯಿಸಿ ತಂದವನಿಗೆ ಮೇವಿನ ಖರ್ಚೂ ಹುಟ್ಟದಿದ್ದರೆ ಮಗ ಯಾಕೆ ಮಂದೆ ಹಿಡಿದಾನು? ಸಾಕುವವನ ಜೀವನ ನಡೆಯದೆ ಪ್ರಾಣಿಯನ್ನು ಮಾತ್ರ ಉಳಿಸಿಕೊಳ್ಳಲು ಆಗುವುದಿಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಈಚಿನ ವರ್ಷಗಳಲ್ಲಿ ಒಂಟೆಗಿಂತ ಕುದುರೆಗಳೇ ಹೆಚ್ಚು ಬರುತ್ತವೆ. ಕಿವಿತುದಿ ಒಂದಕ್ಕೊಂದು ಬಾಗಿದ ಮಾರ್ವಾಡಿ ಕುದುರೆಗಳು. ಅಲ್ಲೂ ಸುಳಿ ನೋಡುತ್ತಾರೆ: ಕೊರಳ ಕೆಳಗಿನ ದೇವಮಣಿ ಶುಭ, ಕಣ್ಣ ಕೆಳಗಿನದು ಅಶುಭ. ಕುದುರೆಗೆ ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇಲ್ಲವೆಂಬ ಪರೀಕ್ಷಾ ಪತ್ರ ಕೇಳಿಯೇ ವ್ಯಾಪಾರಕ್ಕೆ ಇಳಿಯಬೇಕು.

ಸಂಜೆಗೆ ಬಾಜ್ರಾ ರೊಟ್ಟಿ, ಕಢಿ. ಎಲ್ಲಾದರೊಂದು ಬಿಡಾರದಲ್ಲಿ ಜನಪದ ದೇವರು ಪಾಬೂಜಿಯ ಫಡ್ ನಡೆಯುತ್ತಿದ್ದರೆ ಕೂರಿ. ಹದಿನೈದಡಿಯ ಚಿತ್ರಪಟ ಬಿಚ್ಚಿ, ಪೂಜಾರಿಯೂ ಗಾಯಕನೂ ಆದ ಭೋಪಾ ರಾವಣಹತ್ಥಾ ಎಂಬ ತಂತಿವಾದ್ಯ ನುಡಿಸುತ್ತ ಹಾಡುತ್ತಾನೆ, ಅವನ ಹೆಂಡತಿ ಭೋಪಿ ಹಾಡಿನ ಜಾಡಿಗೆ ತಕ್ಕಂತೆ ಚಿತ್ರದ ಮೇಲೆ ದೀಪ ಹಿಡಿಯುತ್ತಾಳೆ. ಮಾರ್ವಾಡಕ್ಕೆ ಒಂಟೆ ತಂದವನು ಪಾಬೂಜಿಯೇ ಎಂದು ರಾಯ್ಕಾಗಳ ನಂಬಿಕೆ. ಮಂದೆಗೆ ಕಾಯಿಲೆ ಬಿದ್ದರೆ ಫಡ್ ಓದಿಸುವ ಹರಕೆ ಹೊರುತ್ತಾರೆ.

ಹೋಗುವವರಿಗೆ: ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಮೇಲೆ ಅಜ್ಮೇರಿಗೆ ನೇರ ರೈಲಿದೆ. ಹಗಲಿಗೆ ಟೋಪಿ, ಇರುಳಿಗೆ ಸ್ವೆಟರ್ ಎರಡೂ ಬೇಕು. ಘಾಟ್‌ಗಳಲ್ಲಿ ಚಪ್ಪಲಿ ಬಿಡಬೇಕು, ಕ್ಯಾಮೆರಾ ಒಳಗಿಡಬೇಕು. ಹೊರಡುವ ಮುಂಚೆ ಆ ವರ್ಷ ಪಶುಮೇಳ ಇದೆಯೇ ಎಂದು ವಿಚಾರಿಸಿ, 2022ರಲ್ಲಿ ಚರ್ಮಗಂಟು ರೋಗದಿಂದ ಪಶುಮೇಳ ನಿಂತಿತ್ತು. ಕಾರ್ತೀಕ ತಪ್ಪಿದರೆ ಮಾಘದಲ್ಲಿ ನಾಗೌರ್ ಇದೆ, ಚೈತ್ರದಲ್ಲಿ ಲೂಣಿ ನದಿಯ ಒಣ ಪಾತ್ರದಲ್ಲಿ ತಿಲ್ವಾಡಾ. ಎತ್ತುಗಳ ಮೇಲೆ ಕಣ್ಣಿರುವ ನಮ್ಮ ರೈತರು ನಾಗೌರ್‌ಗೇ ಹೋಗಲಿ. ನಾಗೌರಿ ಎತ್ತಿನ ಓಟದ ನಡಿಗೆ ಅಲ್ಲಿ ನೋಡುವಷ್ಟು ಚೆನ್ನಾಗಿ ಬೇರೆಲ್ಲೂ ನೋಡಸಿಗದು.