ಡ್ರೇಕೊದಲ್ಲಿ ನಾನು ಮಾಡಿದ ಎಡವಟ್ಟು

ಜುಲೈ ಮಳೆ, ಚಿಕ್ಕಮಗಳೂರಿನ ಮನೆಯಿಂದಲೇ ಕೆಲಸ. ಮೂರು ವಾರದಿಂದ ಡ್ರೇಕೊ ಅನ್ನೋ ಕುಬ್ಜ ಗ್ಯಾಲಕ್ಸಿಯ ಸಿಎಂಡಿಗೆ (ನಕ್ಷತ್ರಗಳ ಬಣ್ಣ-ಹೊಳಪಿನ ಚಿತ್ರ) ಫಿಟ್ ಕೂರಿಸುತ್ತಿದ್ದೆ, ಯಾವ ಕಾಲದಲ್ಲಿ ಎಷ್ಟು ನಕ್ಷತ್ರ ಹುಟ್ಟಿದವು ಅಂತ ತಿಳಿಯೋಕೆ. ಗುರುವಾರ ರಾತ್ರಿ ರನ್ ಮುಗಿಯಿತು. ಗ್ರಾಫ್‌ನಲ್ಲಿ 1,000 ಕೋಟಿ ವರ್ಷದಾಚೆ ದೊಡ್ಡ ಗುಡ್ಡ. ಅದು ಇರಬೇಕಾದದ್ದೇ. ಆದರೆ 200ರಿಂದ 300 ಕೋಟಿ ವರ್ಷದ ಹತ್ತಿರ ಇನ್ನೊಂದು ಪುಟ್ಟ ಉಬ್ಬು!

ಹೊಸ ನಕ್ಷತ್ರಗಳು ಹುಟ್ಟಿವೆ ಅಂದುಕೊಂಡೆ. ನಕ್ಷತ್ರ ಹುಟ್ಟೋಕೆ ಗ್ಯಾಸ್ ಬೇಕು, ಡ್ರೇಕೊದಲ್ಲಿ ಹುಡುಕಿದರೂ ಅದು ಸಿಕ್ಕಿಲ್ಲ ಅನ್ನೋದು ಗೊತ್ತಿತ್ತು. ಆದರೂ ಕೈ ಸ್ಲೈಡ್ ಮಾಡತೊಡಗಿತ್ತು. ಫೇಕ್ ಸ್ಟಾರ್ ಟೆಸ್ಟ್ (ನಕಲಿ ನಕ್ಷತ್ರ ಸೇರಿಸಿ ಎಷ್ಟು ವಾಪಸ್ ಸಿಗುತ್ತವೆ ಅಂತ ನೋಡೋದು) ನೀಟಾಗಿ ಮಾಡಿದ್ದೆನಲ್ಲ, ಆ ಜಂಬ ಬೇರೆ. ಮಧ್ಯರಾತ್ರಿಯೇ ಅಬ್‌ಸ್ಟ್ರಾಕ್ಟ್ ಕಳಿಸಿಬಿಟ್ಟೆ.

ಶುಕ್ರವಾರ ಮೀಟಿಂಗ್ ಶುರುವಾಗಿ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್, ಬ್ಯಾಟರಿ 11 ಪರ್ಸೆಂಟ್. ಮೇಡಂ ಕೇಳಿದರು: "ಆ ಎಳೇ ನಕ್ಷತ್ರಗಳು ಮಧ್ಯದಲ್ಲಿ ಗುಂಪಾಗಿವೆಯಾ, ಎಲ್ಲಾ ಕಡೆ ಹರಡಿವೆಯಾ?"

ನಾನು ನೋಡಿಯೇ ಇರಲಿಲ್ಲ.

"ಒಂದ್ನಿಮಿಷ ಮೇಡಂ" ಅಂದು ಪ್ಲಾಟ್ ಹಾಕಲು ಕೂತೆ. ಕಾಲಂ ಹೆಸರು ತಪ್ಪು, ಎರರ್. ಮತ್ತೆ ಎರರ್. ಯಾರೂ ಮಾತಾಡುತ್ತಿಲ್ಲ, ಹೆಂಚಿನ ಮೇಲಿನ ಮಳೆ ಸದ್ದು ಮಾತ್ರ ಎಲ್ಲರಿಗೂ ಕೇಳುತ್ತಿದೆ. ಕೊನೆಗೂ ಪ್ಲಾಟ್ ಬಂತು. ಹಳೇ ಕೆಂಪು ದೈತ್ಯಗಳು ಎಲ್ಲೆಲ್ಲಿ ಇದ್ದವೋ ಇವೂ ಅಲ್ಲಲ್ಲೇ ಹರಡಿದ್ದವು. ನಿಜವಾಗಿ ಎಳೆಯವಾಗಿದ್ದರೆ ಸಾಮಾನ್ಯವಾಗಿ ಮಧ್ಯದಲ್ಲಿ ಗುಂಪಾಗಿರಬೇಕಿತ್ತು.

"ಬ್ಲೂ ಸ್ಟ್ರ್ಯಾಗ್ಲರ್ ಅಲ್ವೇನ್ರೀ ಇವು?"

ಹೌದು, ಅವೇ. ಪಕ್ಕದ ನಕ್ಷತ್ರದ ಸರಕು ಸುರಿಸಿಕೊಂಡು ಮತ್ತೆ ನೀಲಿಯಾದ ಮುದುಕರು. ಡ್ರೇಕೊದ ಟರ್ನ್-ಆಫ್‌ನಲ್ಲಿರುವ, ಅಂದರೆ ಒಡಲಿನ ಹೈಡ್ರೋಜನ್ ಈಗಷ್ಟೇ ಮುಗಿಸುತ್ತಿರುವ ನಕ್ಷತ್ರಗಳದ್ದು ಸೂರ್ಯನ ಸುಮಾರು 0.8ರಷ್ಟು ತೂಕ. ಅಂಥವೆರಡು ಸೇರಿದರೂ 1.6. ನನ್ನ ನೀಲಿ ಸಾಲು ಸರಿಯಾಗಿ ಆ ಮಟ್ಟಕ್ಕೇ ನಿಂತಿತ್ತು, ನಾನು ಗಮನಿಸಿರಲಿಲ್ಲ ಅಷ್ಟೇ. ಬುಡಕ್ಕೆ ಕಡಿದ ಹಳೇ ರೋಬಸ್ಟಾ ಚಿಗುರಿದರೆ ಅದನ್ನ ಹೊಸ ಸಸಿ ಅಂತ ನಮ್ಮ ತೋಟದಲ್ಲಿ ಚಿಕ್ಕ ಮಕ್ಕಳೂ ಅನ್ನಲ್ಲ. ನಾನು 2.5 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಅಂದೆ.

ಫಿಟ್ ಮಾಡುವ ಟೂಲ್‌ಗೂ ಸ್ವಲ್ಪ ಬೈಯಬೇಕು. ಅದರ ಬೈನರಿ (ಜೋಡಿ ನಕ್ಷತ್ರ) ಆಪ್ಷನ್ ಎರಡು ನಕ್ಷತ್ರಗಳ ಬೆಳಕು ಕೂಡಿಸುತ್ತೆ, ಅಷ್ಟೇ. ಒಂದರ ಸರಕು ಇನ್ನೊಂದಕ್ಕೆ ಹೋಗಬಹುದು ಅನ್ನೋದೇ ಅದಕ್ಕೆ ಗೊತ್ತಿಲ್ಲ. ಎಂಥಾ ನಕ್ಷತ್ರ ಕೊಟ್ಟರೂ ಯಾವುದೋ ಒಂದು ಐಸೋಕ್ರೋನ್‌ಗೆ (ಒಂದೇ ವಯಸ್ಸಿನ ನಕ್ಷತ್ರಗಳ ಗೆರೆ) ತಂದು ಕಟ್ಟುತ್ತೆ. ಬ್ಲೂ ಸ್ಟ್ರ್ಯಾಗ್ಲರ್ ಇರುವ ಭಾಗವನ್ನ ಮಾಸ್ಕ್ ಮಾಡಿಯೇ (ಲೆಕ್ಕಕ್ಕೆ ಸೇರದಂತೆ ಮುಚ್ಚಿ) ರನ್ ಮಾಡಬೇಕಂತೆ. ಗ್ರೂಪಿನ ಸೀನಿಯರ್‌ಗಳಿಗೆಲ್ಲ ಗೊತ್ತಿತ್ತು, ಹ್ಯಾಂಡೋವರ್ ನೋಟ್‌ನಲ್ಲಿ ಮಾತ್ರ ಒಬ್ಬರೂ ಬರೆದಿರಲಿಲ್ಲ.

ಅಬ್‌ಸ್ಟ್ರಾಕ್ಟ್ ವಾಪಸ್ ಪಡೆಯುವ ಮೇಲ್ ಬರೆಯೋಕೆ ಒಂದು ಗಂಟೆ ಹಿಡಿಯಿತು. "ಶುಭಾಶಯಗಳೊಂದಿಗೆ" ಅಂತ ಟೈಪ್ ಮಾಡುವಾಗ ಕರೆಂಟ್ ಬಂತು.